ಏಳೂವರೆ ಕಡಲೆಬೀಜದ ದಾರಿ

1935ನೇ ಇಸವಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ ಬೆಂಗಳೂರಿಗೆ ನಡೆದುಕೊಂಡು ಹೊರಟ. (ತಮಿಳುನಾಡಿನ ಗಡಿಯಲ್ಲಿರುವ ಹೊಸೂರಲ್ಲ, ಇದು ಬೇರೆ.) ವಯಸ್ಸು ಹದಿನೈದು. ಮನೆಯಲ್ಲಿ ಬಡತನ, ಬಸ್ಸಿಗೆ ಕೊಡಲು ಕಾಸಿಲ್ಲ. ಸುಮಾರು 80 ಕಿಲೋಮೀಟರ್ ದಾರಿ, ಎರಡು ದಿನದ ನಡಿಗೆ. ಊರ ಕಡೆ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಈಗ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿದ್ದಾರೆ, ಅವರು ಹೇಗಾದರೂ ಸೇರಿಸಿಕೊಳ್ಳುತ್ತಾರೆ ಎಂಬುದೊಂದೇ ಧೈರ್ಯ.

ಆ ಹುಡುಗನೇ ಎಚ್. ನರಸಿಂಹಯ್ಯ. ಭೌತವಿಜ್ಞಾನದ ಮೇಷ್ಟ್ರಾಗಿ, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಹೆಸರಾದವರು. ನಮ್ಮ ಅಪ್ಪ ಅಮ್ಮನ ತಲೆಮಾರಿನ ಬೆಂಗಳೂರಿಗರ ಬಾಯಲ್ಲಿ ಬರೀ ಎಚ್ಚೆನ್.

ಈ ನಡಿಗೆಯ ಕತೆಯನ್ನು ನೀವೂ ಕೇಳಿರುತ್ತೀರಿ. ಎಚ್ಚೆನ್ ಬಗ್ಗೆ ಯಾರೇ ಮಾತನಾಡಿದರೂ ಇದನ್ನು ಹೇಳದೆ ಬಿಡುವುದಿಲ್ಲ. ನಾನು ಬಿ.ಎಡ್. ವಿದ್ಯಾರ್ಥಿ. ಬೋಧನಾ ಅಭ್ಯಾಸಕ್ಕೆಂದು ಚಾಮರಾಜಪೇಟೆಯ ಒಂದು ಪ್ರೌಢಶಾಲೆಗೆ ಹೋಗಿದ್ದಾಗ ಒಂಬತ್ತನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಪಾಠ ಮಾಡುವ ಸರದಿ ನನ್ನದಾಯಿತು. ಎಚ್ಚೆನ್ ನಡಿಗೆಯನ್ನೇ ಕಪ್ಪುಹಲಗೆಯ ಮೇಲೆ ಲೆಕ್ಕಕ್ಕೆ ಇಳಿಸಿದೆ.

ಗೌರಿಬಿದನೂರು ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920 ಮೀಟರ್. ಅಂದರೆ ಹುಡುಗ ಒಟ್ಟಾರೆ 230 ಮೀಟರ್ ಮೇಲೇರಿದ. ತೂಕ 40 ಕೆ.ಜಿ. ಇತ್ತು ಎಂದಿಟ್ಟುಕೊಳ್ಳೋಣ. ದ್ರವ್ಯರಾಶಿ, ಗುರುತ್ವದ 9.8, ಎತ್ತರ, ಈ ಮೂರನ್ನೂ ಗುಣಿಸಿದರೆ ಸುಮಾರು 90 ಸಾವಿರ ಜೂಲ್ ಬರುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 570 ಕಿಲೋಕ್ಯಾಲರಿ ಶಕ್ತಿ ಇರುತ್ತದೆ. ಅರ್ಧ ಗ್ರಾಂ ತೂಗುವ ಒಂದು ಬೀಜದ ಪಾಲಿಗೆ ಸುಮಾರು 12 ಸಾವಿರ ಜೂಲ್. ಭಾಗಿಸಿ ನೋಡಿ. ಸೂತ್ರದ ಪ್ರಕಾರ ಹೊಸೂರಿನಿಂದ ಬಸವನಗುಡಿಗೆ ಬಂದು ಮುಟ್ಟಲು ಏಳೂವರೆ ಕಡಲೆಬೀಜ ಸಾಕು! (ಏಳೂವರೆ ಎಂದ ಕೂಡಲೇ ಶನಿಕಾಟ ನೆನಪಾದರೆ ಅದು ಬರೀ ಕಾಕತಾಳೀಯ. ಎಚ್ಚೆನ್ ಜ್ಯೋತಿಷ್ಯವನ್ನು ಒಪ್ಪಿದವರಲ್ಲ.)

ಮಕ್ಕಳು ನಕ್ಕರು. ಎರಡು ದಿನ ನಡೆದವನಿಗೆ ಏಳೂವರೆ ಕಡಲೆಬೀಜವೇ? ದಾರಿ ಸಮತಟ್ಟಾಗಿದ್ದಷ್ಟು ದೂರಕ್ಕೂ ಗುರುತ್ವದ ವಿರುದ್ಧ ನಡೆದ ಕೆಲಸ ಸೊನ್ನೆ ಎಂದು ವಿವರಿಸಿದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ. ಲಾರಿಯಿಂದ ಅಂಗಡಿಗೆ ದಿನವಿಡೀ ಮೂಟೆ ಹೊರುತ್ತಾರೆ. ಹಾಗಾದರೆ ನಮ್ಮಪ್ಪ ಮಾಡುವ ಕೆಲಸವೂ ಸೊನ್ನೆಯಾ ಎಂಬುದು ಅವನ ಪ್ರಶ್ನೆ. ದನಿಯಲ್ಲಿ ತಮಾಷೆ ಇರಲಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಿಮಗೆಲ್ಲ ಈ ಪ್ರಶ್ನೆ ಪರಿಚಿತ. ತಲೆಯ ಮೇಲೆ ಹೊರೆ ಹೊತ್ತು ಸಮತಲದಲ್ಲಿ ನಡೆಯುವ ಕೂಲಿ ಗುರುತ್ವದ ವಿರುದ್ಧ ಮಾಡಿದ ಕೆಲಸ ಎಷ್ಟು? ನಾಲ್ಕು ಆಯ್ಕೆಯಲ್ಲಿ ಸೊನ್ನೆಗೆ ಟಿಕ್ ಹಾಕಿ ಒಂದು ಅಂಕ ತೆಗೆದುಕೊಂಡು ಮುಂದೆ ಹೋಗುತ್ತೇವೆ. ಆ ಹುಡುಗನಿಗೆ ಅದು ಒಂದು ಅಂಕದ ವಿಷಯವಾಗಿರಲಿಲ್ಲ. ಪುಸ್ತಕದಲ್ಲಿ ಹಾಗೇ ಇದೆ, ಕೂತ್ಕೋ ಎನ್ನಬಹುದಿತ್ತು. ಹಾಗೆನ್ನಲು ಮನಸ್ಸು ಬರಲಿಲ್ಲ. ಎಚ್ಚೆನ್ ಕತೆ ಹೇಳುತ್ತ ಪ್ರಶ್ನೆ ಕೇಳಿದವನನ್ನು ಕೂರಿಸುವುದು ಹೇಗೆ?

ತರಗತಿಯವರೆಲ್ಲ ಎದ್ದು, ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು ಕೈ ಚಾಚಿ ಹಿಡಿಯಲು ಹೇಳಿದೆ. ಒಂದು ನಿಮಿಷಕ್ಕೆ ಕೈ ನಡುಗಲು ಶುರುವಾಯಿತು. ಎರಡು ನಿಮಿಷಕ್ಕೆ ಅರ್ಧ ತರಗತಿ ಬಾಟಲಿ ಇಳಿಸಿತ್ತು. ಬಾಟಲಿ ಒಂದಿಂಚೂ ಮೇಲೆ ಹೋಗಿಲ್ಲ, ಅದರ ಮೇಲೆ ನಡೆದ ಕೆಲಸ ಸೊನ್ನೆ. ಆದರೂ ತೋಳು ಸೋತಿದೆ. ಸುಮ್ಮನೆ ಹಿಡಿದು ನಿಂತಾಗಲೂ ಸ್ನಾಯುವಿನ ಎಳೆಗಳು ಬಿಗಿಯುತ್ತ ಸಡಿಲಿಸುತ್ತಲೇ ಇರುತ್ತವೆ. ಅದಕ್ಕೆ ತಿಂದ ಅನ್ನದ ಶಕ್ತಿ ಖರ್ಚಾಗಿ ಶಾಖವಾಗಿ ಹೋಗುತ್ತದೆ. ಸೂತ್ರ ಲೆಕ್ಕ ಹಾಕುವುದು ಬಾಟಲಿಗೆ ಸಿಕ್ಕಿದ್ದನ್ನು, ತೋಳು ಕಳೆದುಕೊಂಡದ್ದನ್ನಲ್ಲ. ಆಮೇಲೆ ಹುಡುಗನ ಅಪ್ಪನ ಲೆಕ್ಕವನ್ನೂ ಹಾಕಿದೆವು. 50 ಕೆ.ಜಿ. ಮೂಟೆಯನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಿ ತಲೆಯ ಮೇಲಿಟ್ಟುಕೊಂಡರೆ 735 ಜೂಲ್. ನೂರು ಮೂಟೆಗೆ 73,500. ಸೊನ್ನೆಯಲ್ಲ. ದೇಹ ಕರಗಿಸಿದ ಶಕ್ತಿ ಇದರ ಎಷ್ಟೋ ಪಟ್ಟು. ಎಚ್ಚೆನ್ ನಡಿಗೆಯೂ ಹಾಗೇ. ನಡೆಯುವವರ ದೇಹ ಕಿಲೋಮೀಟರ್‌ಗೆ, ತೂಕದ ಪ್ರತಿ ಕೆ.ಜಿ.ಗೆ ಸುಮಾರು ಮುಕ್ಕಾಲು ಕಿಲೋಕ್ಯಾಲರಿ ಖರ್ಚು ಮಾಡುತ್ತದೆ. ಆ ಲೆಕ್ಕದಲ್ಲಿ ಹುಡುಗನಿಗೆ ಬೇಕಾದದ್ದು ಏಳೂವರೆಯಲ್ಲ, 800 ಬೀಜಕ್ಕೂ ಹೆಚ್ಚು.

ನ್ಯಾಷನಲ್ ಹೈಸ್ಕೂಲಿನಲ್ಲಿ ಅವನಿಗೆ ಜಾಗ ಸಿಕ್ಕಿತು. ಮರುವರ್ಷ, 1936ರಲ್ಲಿ, ಗಾಂಧೀಜಿ ಆ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳುವ ಕೆಲಸ ಈ ಹಳ್ಳಿ ಹುಡುಗನ ಪಾಲಿಗೆ ಬಂತು. ಖಾದಿ ಆ ಕಾಲದಲ್ಲಿ ಮೈಮೇಲೆ ಬಂದದ್ದು ಕೊನೆಯವರೆಗೂ ಹೋಗಲಿಲ್ಲ. ಬಿಳಿ ಜುಬ್ಬ, ಪಂಚೆ, ತಲೆಯ ಮೇಲೆ ಗಾಂಧಿ ಟೋಪಿ. ಅಣುವಿನ ಒಳಗನ್ನು ಓದಿದ ಮನುಷ್ಯನ ಉಡುಪು ಇದು ಎಂದರೆ ಹೊಸಬರು ನಂಬುತ್ತಿರಲಿಲ್ಲವೇನೋ.

ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ಬಿಟ್ಟು ಇಳಿದರು. ಬೆಂಗಳೂರು, ಮೈಸೂರು, ಪುಣೆಯ ಯರವಡ, ಹೀಗೆ ಒಂಬತ್ತು ತಿಂಗಳ ಹತ್ತಿರ ಜೈಲು. ಡಿಗ್ರಿ ತಡವಾಯಿತು. ನಮ್ಮಲ್ಲಿ ಒಂದು ಸೆಮಿಸ್ಟರ್ ಹಿಂದೆ ಬಿದ್ದರೆ ಮನೆಯಲ್ಲಿ ನಡೆಯುವ ಮಾತುಕತೆ ನೆನಪಿಸಿಕೊಳ್ಳಿ. ಹೊರಬಂದ ಮೇಲೆ ಮತ್ತೆ ಅದೇ ಬೆಂಚಿಗೆ ಹೋಗಿ ಕುಳಿತು ಆನರ್ಸ್ ಮುಗಿಸಿದರು, ಎಂ.ಎಸ್ಸಿ.ಯನ್ನೂ ಮುಗಿಸಿದರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. ಕಾಲೇಜು ಶುರುವಾಗಿ ಆಗ ಒಂದೇ ವರ್ಷ.

ಹತ್ತು ವರ್ಷ ಪಾಠ ಮಾಡಿದ ಮೇಲೆ, ನಲವತ್ತರ ಹತ್ತಿರ ಬಂದಾಗ ಮತ್ತೆ ವಿದ್ಯಾರ್ಥಿಯಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಆ ಕಾಲಕ್ಕೆ ಆ ವಿಷಯದ ಪದವಿ ಕೈಲಿದ್ದವರಿಗೆ ಎಷ್ಟೋ ಬಾಗಿಲು ತೆರೆದಿರುತ್ತಿದ್ದವು. ಅವರು ಹಿಂದಿರುಗಿದ್ದು ಬಸವನಗುಡಿಗೆ, ಅದೇ ಕಾಲೇಜಿಗೆ. ಮರುವರ್ಷ ಪ್ರಾಂಶುಪಾಲರಾದರು. ಮದುವೆಯಾಗಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯೇ ದಶಕಗಳ ಕಾಲ ಅವರ ಮನೆ.

1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೆಲಸ ಇದೇ, ಕುಲಪತಿ ಹುದ್ದೆಯಲ್ಲ. ವಾರಕ್ಕೊಂದು ವಿಜ್ಞಾನದ ಉಪನ್ಯಾಸ, ಜುಲೈ ಬಂದರೆ ಉಪನ್ಯಾಸಗಳ ಹಬ್ಬ. ಟಿಕೆಟ್ ಇಲ್ಲ, ಯಾವ ಡಿಗ್ರಿ ಎಂದು ಬಾಗಿಲಲ್ಲಿ ಕೇಳುವವರಿಲ್ಲ. ಸುತ್ತಮುತ್ತಲಿನ ಸಂಶೋಧನಾಲಯಗಳಲ್ಲಿ ಕೆಲಸ ಮಾಡುವವರು ಬಂದು, ಗಾಂಧಿ ಬಜಾರಿಗೆ ತರಕಾರಿಗೆ ಹೊರಟವರಿಗೂ ತಮ್ಮ ಕೆಲಸ ವಿವರಿಸಬೇಕು. ಯಾರಾದರೂ ಎದ್ದು ಪ್ರಶ್ನೆ ಕೇಳಿದರೆ ಉತ್ತರಿಸಬೇಕು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಿಕೊಳ್ಳಬಾರದು ಎಂದು ಎಚ್ಚೆನ್ ಹೋದಲ್ಲೆಲ್ಲ ಹೇಳುತ್ತಿದ್ದರು. ಹೇಳುವವರು ಬಹಳ ಮಂದಿ ಇದ್ದಾರೆ. ಅದಕ್ಕೊಂದು ಸಭಾಂಗಣ, ಒಂದು ದಿನ, ಒಂದು ವೇಳೆ ಗೊತ್ತುಮಾಡಿ ಹತ್ತಾರು ವರ್ಷ ನಡೆಸಿದವರು ಕಡಿಮೆ.

ಅವರ ಮಾತನ್ನು ತರಗತಿಗೆ ತಂದರೆ ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ಬೆಂಕಿಪೊಟ್ಟಣದ ಪ್ರಯೋಗದಲ್ಲಿ. (ಈ ಪ್ರಯೋಗಗಳು ಎಚ್ಚೆನ್ ಅವರದಲ್ಲ, ಯಾವ ಮೇಷ್ಟ್ರಾದರೂ ಮಾಡಬಹುದಾದವು.) ಹಾರ್ಡ್‌ವೇರ್ ಅಂಗಡಿಯಲ್ಲಿ ವೈರಿಂಗ್‌ಗೆ ಬಳಸುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದಲ್ಲ, ಅದನ್ನು ಇಳಿಜಾರಾಗಿ ನಿಲ್ಲಿಸಿ ಒಂದು ಗೋಲಿ ಉರುಳಿಸಬೇಕು. ಕೆಳಗೆ ಖಾಲಿ ಬೆಂಕಿಪೊಟ್ಟಣ. ಗೋಲಿ ಬಂದು ಗುದ್ದಿದರೆ ಪೊಟ್ಟಣ ಒಂದಷ್ಟು ಜರುಗುತ್ತದೆ. ಗೋಲಿಯನ್ನು 5, 10, 15, 20 ಸೆಂಟಿಮೀಟರ್ ಎತ್ತರದಿಂದ ಬಿಟ್ಟು ಪ್ರತಿ ಸಲ ಪೊಟ್ಟಣ ಎಷ್ಟು ಜರುಗಿತು ಎಂದು ಸ್ಕೇಲಿನಲ್ಲಿ ಅಳೆಯಬೇಕು. ಎತ್ತರ ಎರಡರಷ್ಟಾದರೆ ಗೋಲಿಯ ಶಕ್ತಿ ಎರಡರಷ್ಟು, ಪೊಟ್ಟಣ ಜರುಗುವ ದೂರವೂ ಎರಡರಷ್ಟಾಗಬೇಕು. ಒಟ್ಟು ಖರ್ಚು ನೂರು ರೂಪಾಯಿಯೊಳಗೆ.

ಒಂದು ಗುಂಪು 6, 12, 18, 24 ಎಂದು ಬರೆದು ತಂದಿತು. ಚೊಕ್ಕವಾದ ಕೋಷ್ಟಕ. ಹಾಳೆಯನ್ನು ಬೆಳಕಿಗೆ ಹಿಡಿದರೆ ರಬ್ಬರಿನಿಂದ ಉಜ್ಜಿದ ಗುರುತು ಕಾಣುತ್ತಿತ್ತು. ಮತ್ತೊಂದು ಗುಂಪಿನ ಹುಡುಗಿಯರು 6.2, 11.8, 16.5, 20.9 ಎಂದು ಬರೆದಿದ್ದರು. ಕೊನೆಯ ಎರಡು ಅಳತೆ ಸೂತ್ರಕ್ಕೆ ಹೊಂದುತ್ತಿಲ್ಲವೆಂದು ತೋರಿಸಲು ಹೆದರುತ್ತ ನಿಂತಿದ್ದರು. ಪ್ರಾಕ್ಟಿಕಲ್ ಪರೀಕ್ಷೆ ಬರೆದ ಯಾರಿಗಾದರೂ ಗೊತ್ತು, ನಮ್ಮ ಲ್ಯಾಬುಗಳಲ್ಲಿ ಯಾವ ಕೋಷ್ಟಕಕ್ಕೆ ಪೂರ್ತಿ ಅಂಕ ಬೀಳುತ್ತದೆ ಎಂದು. ಮೊದಲು ಉತ್ತರ, ಆಮೇಲೆ ರೀಡಿಂಗ್.

ಹುಡುಗಿಯರ ಕೋಷ್ಟಕವನ್ನು ಹಲಗೆಯ ಮೇಲೆ ಬರೆಸಿದೆ. ಕಡಿಮೆಯಾದ ಮೂರು ಸೆಂಟಿಮೀಟರ್ ಎಲ್ಲಿ ಹೋಯಿತು? ಜೋರಾಗಿ ಬಂದ ಗೋಲಿ ಪೊಟ್ಟಣವನ್ನು ಅಡ್ಡಕ್ಕೆ ತಿರುಗಿಸುತ್ತದೆ ಎಂದು ಒಬ್ಬಳು ಗಮನಿಸಿದ್ದಳು. ಟಕ್ ಎಂಬ ಸದ್ದೂ ಜೋರಾಗುತ್ತದೆ ಎಂದ ಮತ್ತೊಬ್ಬ. ಪಟ್ಟಿಯ ಉಜ್ಜಾಟ ಇದೆ ಎಂದ ಇನ್ನೊಬ್ಬ. ಆ ದಿನ ಪಾಠಯೋಜನೆಯಲ್ಲಿದ್ದ ಅರ್ಧ ಭಾಗ ಆಗಲೇ ಇಲ್ಲ. ಹಿಂದೆ ಕೂತು ನೋಡುತ್ತಿದ್ದ ಹಿರಿಯ ಶಿಕ್ಷಕರೊಬ್ಬರು ಪೋರ್ಷನ್ ಹೀಗೆ ಮುಗಿಯುವುದಿಲ್ಲ ಎಂದು ಆಮೇಲೆ ಎಚ್ಚರಿಸಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಈ ಪ್ರಯೋಗಕ್ಕೆ ಎರಡು ಪೀರಿಯಡ್ ಹಿಡಿಯಿತು. ಹಲಗೆಯ ಮೇಲೆ ಸೂತ್ರ ಬರೆದು ಮೂರು ಲೆಕ್ಕ ಮಾಡಿಸಿದ್ದರೆ ಇಪ್ಪತ್ತು ನಿಮಿಷ. ಪರೀಕ್ಷೆಯಲ್ಲಿ ಬರುವುದೂ ಆ ಮೂರು ಲೆಕ್ಕವೇ. ಕೆಲಸ ಸಿಕ್ಕ ಮೇಲೆ ವರ್ಷವಿಡೀ ಹೀಗೆ ಪಾಠ ಮಾಡಲು ನನಗೆ ಸಾಧ್ಯವಾಗುತ್ತದೆಯೇ ಎಂಬುದು ಇನ್ನೂ ನೋಡಬೇಕಾದ ವಿಷಯ.

ಎಚ್ಚೆನ್ ಬದುಕಿನ ಅತಿ ಹೆಚ್ಚು ಸದ್ದು ಮಾಡಿದ ಅಧ್ಯಾಯವನ್ನು ನಾನು ಈ ಕೋಷ್ಟಕದ ಪಕ್ಕದಲ್ಲೇ ಇಟ್ಟು ನೋಡುತ್ತೇನೆ. 1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ಮಾಡಿ ತಾವೇ ಅಧ್ಯಕ್ಷರಾದರು. ಬರಿಗೈಯಿಂದ ವಿಭೂತಿ, ಉಂಗುರ ಬರಿಸುತ್ತಾರೆ ಎಂದು ಪ್ರಸಿದ್ಧರಾಗಿದ್ದ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ, ಸಮಿತಿಯ ಮುಂದೆ, ನಿಗದಿಯಾದ ನಿಬಂಧನೆಗಳಲ್ಲಿ ಅದನ್ನು ತೋರಿಸಿಕೊಡಿ ಎಂದು ಪತ್ರ ಬರೆದರು. ಉಂಗುರದ ಬದಲು ಒಂದು ಕುಂಬಳಕಾಯಿ ಬರಲಿ ಎಂಬ ಅವರ ಬೇಡಿಕೆ ಊರೆಲ್ಲ ಹರಡಿತು. ಜನ ಅದನ್ನು ಚಟಾಕಿ ಎಂದುಕೊಂಡರು. ನನಗೆ ಅದು ಪ್ರಯೋಗದ ಚೆಂದದ ವಿನ್ಯಾಸ ಎನಿಸುತ್ತದೆ. ಉಂಗುರ ತೋಳಿನೊಳಗೆ ಅಡಗುತ್ತದೆ, ಕುಂಬಳಕಾಯಿ ಅಡಗುವುದಿಲ್ಲ. ಒಂದೇ ವಸ್ತು ಬದಲಿಸಿ ಒಂದು ಅನುಮಾನವನ್ನು ಪೂರ್ತಿ ತೆಗೆದುಹಾಕಿದಂತೆ.

ಪರೀಕ್ಷೆ ನಡೆಯಲಿಲ್ಲ. ಭಕ್ತರಿಗೆ ಸಿಟ್ಟು ಬಂತು, ಪತ್ರಿಕೆಗಳಲ್ಲಿ ಪರ ವಿರೋಧದ ಚರ್ಚೆಯಾಯಿತು. ಕುಲಪತಿಯಾದವರಿಗೆ ಇದೆಲ್ಲ ಯಾಕೆ ಎಂದು ಕೇಳಿದವರೂ ಇದ್ದರು. 1977ರಲ್ಲಿ ಸಮಿತಿ ವಿಸರ್ಜನೆಯಾಯಿತು. ಸಮಿತಿ ಏನನ್ನೂ ಸಾಬೀತು ಮಾಡಲಿಲ್ಲ ಎಂದು ಇವತ್ತಿಗೂ ಹೇಳುವವರಿದ್ದಾರೆ. ರೀಡಿಂಗ್ ಸಿಗದ ಕಡೆ ಖಾಲಿ ಬಿಟ್ಟರು, ತಮಗೆ ಬೇಕಾದ ಸಂಖ್ಯೆ ತುಂಬಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ನಂಬಲೇಬಾರದು ಎಂಬುದು ಅವರ ವಾದವಾಗಿರಲಿಲ್ಲ ಎಂದು ಮಕ್ಕಳಿಗೆ ತಿಳಿಸಲು ಇನ್ನೊಂದು ಪ್ರಯೋಗ ಮಾಡಿಸಿದೆ. ನೀರು ತುಂಬಿದ ಬಾಟಲಿಯನ್ನು ಗಟ್ಟಿ ಹಗ್ಗದಲ್ಲಿ ಮೇಲಿನ ಕೊಕ್ಕೆಗೆ ಕಟ್ಟಿ ಲೋಲಕ ಮಾಡಿ. ಗೋಡೆಗೆ ತಲೆ ಒತ್ತಿ ನಿಂತು ಬಾಟಲಿಯನ್ನು ಮೂಗಿನ ತುದಿಗೆ ತಂದು, ತಳ್ಳದೆ, ಸುಮ್ಮನೆ ಬಿಡಿ. ಅದು ಆಚೆ ಹೋಗಿ ಭರ್ರನೆ ವಾಪಸು ಬರುತ್ತದೆ. ಬಿಟ್ಟ ಎತ್ತರಕ್ಕಿಂತ ಮೇಲೆ ಹೋಗಲಾರದು, ಹಾಗಾಗಿ ಮೂಗಿಗೆ ತಾಗುವುದಿಲ್ಲ. ಶಕ್ತಿ ಸಂರಕ್ಷಣೆಯ ನಿಯಮವನ್ನು ಅಕ್ಷರ ತಪ್ಪದೆ ಒಪ್ಪಿಸಿದ ತರಗತಿಯ ಮೊದಲಿಗ ಕಣ್ಣು ಮುಚ್ಚಿ ಮುಖ ತಿರುಗಿಸಿದ. ಹಮಾಲಿಯ ಮಗ ಅಲ್ಲಾಡದೆ ನಿಂತ. ಆಮೇಲೆ ಎಲ್ಲರೂ ಸಾಲಾಗಿ ಬಂದರು. (ಮಾಡಿಸುವ ಮುನ್ನ ಹಗ್ಗದ ಗಂಟನ್ನು ನೀವೇ ಜಗ್ಗಿ ನೋಡಿ. ತಳ್ಳುವ ಹುಡುಗರ ಮೇಲೆ ಕಣ್ಣಿರಲಿ.)

ಕುಲಪತಿ ಅವಧಿ ಮುಗಿದ ಮೇಲೂ ಅವರು ಹಾಸ್ಟೆಲಿನ ಕೋಣೆ ಬಿಡಲಿಲ್ಲ. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಹೊಣೆ ಹೊತ್ತು, ತಾವು ನಡೆದು ಬಂದ ದಿಕ್ಕಿಗೇ ವಾಪಸು ಶಾಲೆ ಕಾಲೇಜುಗಳನ್ನು ತೆಗೆದುಕೊಂಡು ಹೋದರು. ಹೊಸೂರು, ಗೌರಿಬಿದನೂರು, ಬಾಗೇಪಲ್ಲಿ. ಓದಲು ಆ ಕಡೆಯ ಮಕ್ಕಳು ಎರಡು ದಿನ ನಡೆಯಬೇಕಿಲ್ಲ. ನಾಟಕ, ಸಂಗೀತ ಎಂದರೆ ಅವರಿಗೆ ಅಷ್ಟೇ ಪ್ರೀತಿ. 1984ರಲ್ಲಿ ಪದ್ಮಭೂಷಣ ಬಂತು. ‘ಹೋರಾಟದ ಹಾದಿ’ ಎಂಬ ಆತ್ಮಕತೆ ಬರೆದರು. 2005ರ ಜನವರಿ 31ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ನಾನು ಆಗ ಇನ್ನೂ ಅಕ್ಷರ ಕಲಿತಿರಲಿಲ್ಲ.

ನನ್ನ ಬೋಧನಾ ಅಭ್ಯಾಸದ ಕೊನೆಯ ವಾರ ಆ ಏಳೂವರೆ ಬೀಜದ ಲೆಕ್ಕವನ್ನೇ ಪರೀಕ್ಷೆಗೆ ಒಡ್ಡಿದೆವು. ಒಂದು ಬೀಜಕ್ಕೆ 12 ಸಾವಿರ ಜೂಲ್ ಎಂದು ಮಿಸ್ಸೋ ಸರ್ರೋ ಹೇಳಿದರೆ ಸಾಕೇ? ಗುಂಡುಸೂಜಿಗೆ ಕಡಲೆಬೀಜ ಚುಚ್ಚಿ ಬೆಂಕಿ ಹಚ್ಚಿ, ಮೇಲೆ ಪ್ರನಾಳದಲ್ಲಿ 20 ಮಿಲಿಲೀಟರ್ ನೀರು ಹಿಡಿದೆವು. ನೀರಿನ ಉಷ್ಣತೆ ಸುಮಾರು 40 ಡಿಗ್ರಿ ಏರಿತು. ನೀರಿಗೆ ಸೇರಿದ ಶಾಖ ಸುಮಾರು 3,400 ಜೂಲ್. ಹೇಳಿದ್ದರ ಮೂರನೇ ಒಂದು ಭಾಗವೂ ಇಲ್ಲ! ಉಳಿದದ್ದು ಹೊಗೆಯಲ್ಲಿ, ಗಾಳಿಯಲ್ಲಿ, ಗಾಜಿನಲ್ಲಿ ಹೋಯಿತೆಂದು ಅವರೇ ಊಹಿಸಿದರು. ಊಹೆ ಸರಿಯೇ ಎಂದು ನೋಡಲು ಹಾಲಿನ ಪುಡಿಯ ಖಾಲಿ ಡಬ್ಬಕ್ಕೆ ತೂತು ಕೊರೆದು ಸುತ್ತ ಮರೆ ಮಾಡಿದರು. ಈ ಸಲ 55 ಡಿಗ್ರಿ. ಯಾರೂ ರಬ್ಬರ್ ಮುಟ್ಟಲಿಲ್ಲ.

ಹೊರಡುವ ದಿನ ಒಬ್ಬ ಹುಡುಗಿ ಬಂದು, ಹುರಿದ ಬೀಜಕ್ಕೂ ಹಸಿ ಬೀಜಕ್ಕೂ ಶಕ್ತಿ ಒಂದೇನಾ ಎಂದು ಕೇಳಿದಳು. ನಾನು ಉತ್ತರ ಹೇಳಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅಲ್ಲಿ ಹಸಿಯೂ ಹುರಿದದ್ದೂ ಎರಡೂ ಸಿಗುತ್ತವೆ. ಅರ್ಧರ್ಧ ಸೇರು ಕೊಂಡು, ಗಾಂಧಿ ಬಜಾರಿನ ಅಂಗಡಿಯವರೊಬ್ಬರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ನೂರು ನೂರು ಬೀಜ ಎಣಿಸಿ ತೂಗಿ, ಮರುದಿನ ಅವಳ ಶಾಲೆಗೆ ತೆಗೆದುಕೊಂಡು ಹೋಗುತ್ತೇನೆ. ಡಬ್ಬ ಅವರ ಹತ್ತಿರವೇ ಇದೆ.